ಎರಡು ನುಡಿಯ ಸೀಮೆ, ಒಂದು ನುಡಿಯ ಸಭೆ

ಅಜ್ಜಂಪುರ ಎಂದೊಡನೆ ನೆನಪಾಗುವುದು ಅಮೃತ ಮಹಲ್ ದನಗಳು. ನೀಳ ಕೊಂಬಿನ, ಚುರುಕು ನಡಿಗೆಯ ಆ ತಳಿಯ ಸಂವರ್ಧನಾ ಕೇಂದ್ರ ಇರುವುದು ಅಲ್ಲಿಯೇ. ದನಗಳ ಬಗ್ಗೆ ಬರೆದವರು ಬಹಳ ಮಂದಿ. ಅವುಗಳ ಹೆಸರಿನ ಬಗ್ಗೆ ನಿಂತು ಯೋಚಿಸಿದವರು ಕಡಿಮೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಈ ಇಲಾಖೆಯನ್ನು ‘ಬೆಣ್ಣೆ ಚಾವಡಿ’ ಎಂದು ಕರೆಯುತ್ತಿದ್ದರು. ಅದನ್ನು ‘ಅಮೃತ ಮಹಲ್’ ಎಂದು ಬದಲಿಸಿದವನು ಟಿಪ್ಪು ಸುಲ್ತಾನ. ‘ಅಮೃತ’ ಸಂಸ್ಕೃತದ ಮಾತು; ‘ಮಹಲ್’ ಅರಬ್ಬಿ ಮೂಲದ್ದು, ಫಾರಸಿಯ ದಾರಿಯಲ್ಲಿ ಇಲ್ಲಿಗೆ ಬಂದದ್ದು. ಆ ದನಗಳು ಮೇಯುವ ಬಯಲಿಗೆ ಮಾತ್ರ ಇಂದಿಗೂ ಅಚ್ಚಗನ್ನಡದ ‘ಕಾವಲು’ ಎಂಬ ಹೆಸರೇ ಉಳಿದಿದೆ. ಒಂದು ಹಿಂಡು ದನದ ಹಿಂದೆ ಮೂರು ನಾಲ್ಕು ಭಾಷೆಗಳು ನಡೆದುಹೋದ ಹೆಜ್ಜೆ ಗುರುತು ಇದು.

ಹೀಗೆ ಎರಡು ಭಾಷೆಯ ಮಾತುಗಳನ್ನು ಕೂಡಿಸಿ ಒಂದು ಪದ ಮಾಡುವುದು ನಮ್ಮ ಹಳೆಯ ವೈಯಾಕರಣರಿಗೆ ಸೇರದ ಕೆಲಸವಾಗಿತ್ತು. ಕನ್ನಡ ಮಾತಿಗೆ ಸಂಸ್ಕೃತ ಮಾತನ್ನು ಸೇರಿಸಿ ಸಮಾಸ ಮಾಡಿದರೆ ಅದು ‘ಅರಿಸಮಾಸ’, ಎಂದರೆ ಹಗೆಯ ಸಮಾಸ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಇಂಥ ಬೆರಕೆಯನ್ನು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬೆರೆಸಿದುದಕ್ಕೆ ಹೋಲಿಸುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅದೇ ನಿಷೇಧವನ್ನು ಹೇಳಿದರೂ, ಬಿರುದುಗಳಲ್ಲಿ ಮತ್ತು ರೂಢಿಯಲ್ಲಿ ನೆಲೆಗೊಂಡ ಪ್ರಯೋಗಗಳಲ್ಲಿ ಅದನ್ನು ಒಪ್ಪಿಕೊಳ್ಳುತ್ತಾನೆ. ಈ ಕೇಶಿರಾಜನ ಸೋದರಮಾವ ಕವಿಚಕ್ರವರ್ತಿ ಜನ್ನ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಇಮ್ಮಡಿ ಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಶಿಲಾಶಾಸನದಲ್ಲಿ ಇದೇ ಜನ್ನನ ಪದ್ಯಗಳಿವೆ. ಎರಡು ಭಾಷೆಗಳು ಒಬ್ಬನ ಬಾಯಲ್ಲಿ ಕೂಡಿದಾಗ ಏನಾಗುತ್ತದೆ, ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಚರ್ಚೆ ಈ ಸೀಮೆಗೆ ಹೊಸದಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಇದೇ ಚರ್ಚೆಯನ್ನು ಇಂದು ಜಗತ್ತಿನ ವಿದ್ವಾಂಸರು ‘ದ್ವಿಭಾಷಿಕತೆಯ ಅಧ್ಯಯನ’ ಎಂಬ ಹೆಸರಿನಲ್ಲಿ ನಡೆಸುತ್ತಾರೆ. ಅದಕ್ಕಾಗಿಯೇ ಅಂತರರಾಷ್ಟ್ರೀಯ ಸಮ್ಮೇಳನಗಳಿವೆ. ಎರಡು ವರ್ಷಕ್ಕೊಮ್ಮೆ ನಡೆಯುವ ದ್ವಿಭಾಷಿಕತೆಯ ಅಂತರರಾಷ್ಟ್ರೀಯ ವಿಚಾರಗೋಷ್ಠಿ 1997ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಆರಂಭವಾಗಿ, ಮುಂದೆ ಬಾರ್ಸಿಲೋನಾ, ಹ್ಯಾಂಬರ್ಗ್, ಓಸ್ಲೋ, ಸಿಂಗಪುರ ಮೊದಲಾದ ಊರುಗಳನ್ನು ಸುತ್ತಿದೆ. ಎರಡು ಭಾಷೆ ಆಡುವವರ ಬಗ್ಗೆ ನಡೆಯುವ ಈ ಸಭೆಗಳು ಬಹುಮಟ್ಟಿಗೆ ಇಂಗ್ಲಿಷ್ ಎಂಬ ಒಂದೇ ಭಾಷೆಯಲ್ಲಿ ನಡೆಯುತ್ತವೆ ಎಂಬುದು ಬೇರೆ ಮಾತು. ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಿಗೂ ಈ ಸಭೆಗಳಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ, ಆದರೆ ಅದು ಹೆಚ್ಚಾಗಿ ತಪ್ಪಿಹೋದ ಸಂಬಂಧ.

ಮೊದಲು ತಪ್ಪಿದ್ದು 1886ರಲ್ಲಿ. ಆ ವರ್ಷ ವಿಯೆನ್ನಾದಲ್ಲಿ ನೆರೆದ ಪ್ರಾಚ್ಯವಿದ್ವಾಂಸರ ಅಂತರರಾಷ್ಟ್ರೀಯ ಸಮ್ಮೇಳನ, ಭಾರತದ ಭಾಷೆಗಳನ್ನೆಲ್ಲ ಕ್ರಮವಾಗಿ ಸಮೀಕ್ಷೆ ಮಾಡಬೇಕೆಂದು ಭಾರತ ಸರ್ಕಾರವನ್ನು ಒತ್ತಾಯಿಸುವ ನಿರ್ಣಯ ಕೈಗೊಂಡಿತು. ಅದರ ಫಲವೇ ಜಾರ್ಜ್ ಗ್ರಿಯರ್‌ಸನ್ನನ ‘ಭಾರತೀಯ ಭಾಷಾ ಸಮೀಕ್ಷೆ’. 1903ರಿಂದ 1928ರವರೆಗೆ ಸಂಪುಟದ ಮೇಲೆ ಸಂಪುಟವಾಗಿ ಹೊರಬಂದ ಆ ಮಹಾಗ್ರಂಥ, ಭಾಷಾವಿಜ್ಞಾನದಲ್ಲಿ ಇಂದಿಗೂ ಮಾನ್ಯವಾದ ಆಕರ. ಆದರೆ ಮದರಾಸು ಪ್ರಾಂತ, ಹೈದರಾಬಾದು ಮತ್ತು ಮೈಸೂರು ಸಂಸ್ಥಾನಗಳನ್ನು ಸಮೀಕ್ಷೆಯಿಂದ ಹೊರಗಿಡಲಾಯಿತು. ಕನ್ನಡದ ಮಾದರಿಗಳು ಬಂದದ್ದು ಮುಂಬಯಿ ಪ್ರಾಂತದ ಜಿಲ್ಲೆಗಳಿಂದ. ಅಂದಿನ ‘ಕಡೂರು ಜಿಲ್ಲೆ’ (1863ರಲ್ಲಿ ರಚನೆಯಾಗಿ, 1865ರಲ್ಲಿ ಕೇಂದ್ರ ಚಿಕ್ಕಮಗಳೂರಿಗೆ ಹೋದ ಮೇಲೂ 1947ರವರೆಗೆ ಅದೇ ಹೆಸರಿನಿಂದ ನಡೆದ ಜಿಲ್ಲೆ) ಆ ಭಾಷಾ ಭೂಪಟದಲ್ಲಿ ಬರಿದಾಗಿ ಉಳಿಯಿತು. ಇದರ ನಡುವೆ ಸಮಾಧಾನದ ಒಂದು ಸಂಗತಿಯೂ ಇದೆ. ಜನರ ಬಾಯಿಮಾತನ್ನು ಯಾರೂ ಬರೆದುಕೊಳ್ಳದಿದ್ದರೂ, ಕಲ್ಲಿನ ಮಾತನ್ನು ಬಿ.ಎಲ್. ರೈಸ್ ಬಿಡಲಿಲ್ಲ. ಕಡೂರು ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ 1901ರಲ್ಲೇ ಅಚ್ಚಾದವು.

ಆ ಶಾಸನಗಳ ಭಾಷೆಯೇ ಒಂದು ಪಾಠ. ಕನ್ನಡ ನಾಡಿನ ಎಷ್ಟೋ ಶಾಸನಗಳು ಸಂಸ್ಕೃತದ ಸ್ತುತಿಶ್ಲೋಕದಿಂದ ಶುರುವಾಗುತ್ತವೆ. ದಾನಕೊಟ್ಟ ಗದ್ದೆಯ ಎಲ್ಲೆ, ಕೆರೆಯ ಕೋಡಿ, ಹುಣಿಸೆಮರ, ನೆಟ್ಟಕಲ್ಲು ಎಂಬ ವಿವರ ಬಂದ ಕೂಡಲೆ ಕನ್ನಡಕ್ಕೆ ಇಳಿಯುತ್ತವೆ. ಕೊನೆಯಲ್ಲಿ ದಾನವನ್ನು ಅಪಹರಿಸಿದವನಿಗೆ ಶಾಪ ಹಾಕುವಾಗ ಮತ್ತೆ ಸಂಸ್ಕೃತಕ್ಕೆ ಏರುತ್ತವೆ. ದೇವರಿಗೆ ಒಂದು ಭಾಷೆ, ಗಡಿಕಲ್ಲಿಗೆ ಇನ್ನೊಂದು. ಎಲ್ಲೆಯ ತಕರಾರು ಬಂದಾಗ ಸಾಕ್ಷಿ ಹೇಳಬೇಕಾದವರು ಊರ ಗೌಡಗಳಲ್ಲವೇ! ಅಮೆರಿಕದ ವಿದ್ವಾಂಸ ಶೆಲ್ಡನ್ ಪೊಲಾಕ್ ಈ ಕೆಲಸದ ಹಂಚಿಕೆಯನ್ನು ಆಧಾರವಾಗಿಟ್ಟುಕೊಂಡು 2006ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಆಧುನಿಕ ಗೋಷ್ಠಿಗಳಲ್ಲಿ ‘ಯಾರು, ಯಾರೊಂದಿಗೆ, ಯಾವಾಗ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ’ ಎಂದು ಕೇಳಲಾಗುವ ಪ್ರಶ್ನೆಗೆ ಈ ಕಲ್ಲುಗಳು ತಮ್ಮ ಮಟ್ಟಿಗೆ ಉತ್ತರ ಹೇಳಿ ಎಂಟುನೂರು ವರ್ಷ ದಾಟಿದೆ.

ಎರಡನೆಯ ಸಭೆ 1968ರ ಏಪ್ರಿಲ್‌ನಲ್ಲಿ, ಜಮೈಕಾ ದ್ವೀಪದ ಮೋನಾ ಎಂಬಲ್ಲಿ ನಡೆದದ್ದು. ಭಾಷೆಗಳು ಬೆರೆತು ಹೊಸ ಭಾಷೆ ಹುಟ್ಟುವ ಪರಿಯನ್ನು ಚರ್ಚಿಸಿದ ಆ ಸಮ್ಮೇಳನದ ಪ್ರಬಂಧಗಳು ಡೆಲ್ ಹೈಮ್ಸ್ ಅವರ ಸಂಪಾದಕತ್ವದಲ್ಲಿ 1971ರಲ್ಲಿ ಪುಸ್ತಕವಾದವು. ಅದರಲ್ಲಿ ಕನ್ನಡಿಗರು ಹೆಮ್ಮೆಯಿಂದಲೂ ಕುತೂಹಲದಿಂದಲೂ ಓದಬೇಕಾದ ಒಂದು ಲೇಖನವಿದೆ: ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಬರೆದದ್ದು, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಹಳ್ಳಿಯನ್ನು ಕುರಿತದ್ದು. ಸುಮಾರು ಮೂರು ಸಾವಿರ ಜನರ ಆ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಇದ್ದವು. ಜೈನ ಒಕ್ಕಲಿಗರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು. ಮರಾಠಿ ಎಲ್ಲರ ನಡುವಿನ ಮಾತು. ಗಂಡಸರಲ್ಲಿ ಬಹುತೇಕ ಎಲ್ಲರಿಗೂ ಒಂದಕ್ಕಿಂತ ಹೆಚ್ಚು ಭಾಷೆ ಬರುತ್ತಿತ್ತು.

ಅಲ್ಲಿ ವಿದ್ವಾಂಸರು ಕಂಡದ್ದು ಸೋಜಿಗದ ಸಂಗತಿ. ‘ಸೊಪ್ಪು ಒಂದಿಷ್ಟು ಕೊಯ್ದು ತಗೊಂಡು ಬಂದೆ’ ಎಂಬಂಥ ವಾಕ್ಯವನ್ನು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಬರೆದುಕೊಂಡು ಒಂದರ ಕೆಳಗೊಂದು ಇಟ್ಟರೆ, ಪದಕ್ಕೆ ಪದ, ಪ್ರತ್ಯಯಕ್ಕೆ ಪ್ರತ್ಯಯ ಸರಿಹೊಂದುತ್ತಿತ್ತು. ಶತಮಾನಗಳ ಕಾಲ ಅಕ್ಕಪಕ್ಕ ಬಾಳಿದ್ದರಿಂದ ಮೂರು ಭಾಷೆಗಳ ವ್ಯಾಕರಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಬೇರೆಯಾಗಿ ಉಳಿದಿದ್ದುದು ಶಬ್ದಗಳು ಮಾತ್ರ. ಹೀಗೇಕೆ? ಗದ್ದೆ, ಅಂಗಡಿ, ಚಾವಡಿಯಲ್ಲಿ ದಿನವೂ ಭಾಷೆ ಬದಲಿಸುವವನಿಗೆ ವ್ಯಾಕರಣ ಒಂದೇ ಆದರೆ ಅನುಕೂಲ. ಆದರೆ ಮನೆಗೆ ಹೋದ ಮೇಲೆ ತಾನು ಯಾರ ಪೈಕಿ ಎಂದು ತೋರಿಸುವುದಕ್ಕೆ ಏನಾದರೂ ಬೇರೆ ಇರಬೇಕು. ಆ ಕೆಲಸವನ್ನು ಶಬ್ದಗಳು ವಹಿಸಿಕೊಂಡವು. ಜಗತ್ತಿನ ಭಾಷಾವಿಜ್ಞಾನದ ಪಠ್ಯಗಳಲ್ಲೆಲ್ಲ ಕುಪವಾಡದ ಹೆಸರು ಸೇರಿದ್ದು ಹೀಗೆ.

ಕುಪವಾಡ ಗಡಿಯ ಹಳ್ಳಿ. ಕಡೂರು ಸೀಮೆ ಕನ್ನಡ ನಾಡಿನ ಒಳಭಾಗ. ಇಲ್ಲಿ ಗಡಿ ಇಲ್ಲದಿದ್ದರೂ ಬೆರಕೆಗೆ ಕೊರತೆ ಇಲ್ಲ. ಮುಸಲ್ಮಾನರ ಮನೆಗಳಲ್ಲಿ ದಖ್ಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಕಲ್ಲು ಮಣ್ಣಿನ ಕೆಲಸ ಮಾಡುವ ಬೋವಿಗಳಲ್ಲಿ ತೆಲುಗು, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ಮತ್ತು ಭದ್ರಾವತಿ ಕಾರ್ಖಾನೆಯ ಸುತ್ತ ತಮಿಳು. ಕನ್ನಡ ಎಲ್ಲರ ನಡುವಿನ ಮಾತು. ಕುಪವಾಡದಲ್ಲಿ ಕಂಡದ್ದರ ನೆರಳನ್ನು ದಖ್ಖನಿಯಲ್ಲಿ ಚೆನ್ನಾಗಿ ಗುರುತಿಸಬಹುದು. ‘ಬರ್ತೀನಿ ಅಂತ ಹೇಳಿದ’ ಎನ್ನುವಲ್ಲಿ ಲಖನೌದ ಉರ್ದು ‘ಹೇಳಿದ’ ಎಂಬುದನ್ನು ಮೊದಲಿಟ್ಟು, ನಡುವೆ ‘ಕಿ’ ಎಂದು ಸೇರಿಸಿ, ಆಮೇಲೆ ‘ಬರ್ತೀನಿ’ ಎನ್ನುತ್ತದೆ. ದಖ್ಖನಿ ಹಾಗಲ್ಲ: ‘ಆತೂಂ ಬೋಲ್ಕೆ ಬೋಲ್ಯಾ’. ‘ಅಂತ’ ಇದ್ದ ಜಾಗದಲ್ಲೇ ‘ಬೋಲ್ಕೆ’. ‘ಬರ್ತಾನಂತೆ’ ಎಂಬ ಕನ್ನಡದ ‘ಅಂತೆ’ಗೂ ದಖ್ಖನಿಯಲ್ಲಿ ‘ಕತೆ’ ಎಂಬ ಜೋಡಿ ಇದೆ: ‘ಆತಾ ಕತೆ’. ನೋಡಿದವನು ತಾನಲ್ಲ, ಕೇಳಿದ ಮಾತು ಎಂಬ ಜಾಗರೂಕತೆಯನ್ನು ಒಂದೇ ಪುಟ್ಟ ಮಾತಿನಲ್ಲಿ ತುಂಬುವ ದ್ರಾವಿಡ ಜಾಣ್ಮೆಯನ್ನು ಉರ್ದು ಇಲ್ಲಿಗೆ ಬಂದು ಕಲಿತಿದೆ. ಇದನ್ನು ‘ಕೆಟ್ಟ ಉರ್ದು’ ಎಂದು ನಗುವವರುಂಟು. ನಗುವ ಮೊದಲು, ಇದು ಹಲವು ತಲೆಮಾರಿನ ನೆರೆಹೊರೆಯಿಂದ ಬೆಳೆದು ಬಂದ ವ್ಯಾಕರಣ ಎಂಬುದನ್ನು ನೆನೆಯಬೇಕು.

ತಾಲ್ಲೂಕು ಕಚೇರಿಗೆ ಹೋದರೆ ಕುಪವಾಡದ ಕಥೆ ತಲೆಕೆಳಗಾಗುತ್ತದೆ. ‘ಜಮೀನು ಸರ್ವೆ ಆಗಿ, ಖಾತೆ ಬದಲಾಗಿ, ಪಹಣಿ ಕೈಗೆ ಬಂತು’ ಎಂಬುದು ಕಡೂರಿನ ಯಾವ ರೈತನೂ ಕನ್ನಡವೆಂದೇ ತಿಳಿದು ಆಡುವ ಮಾತು. ಜಮೀನು ಫಾರಸಿ, ಸರ್ವೆ ಇಂಗ್ಲಿಷ್, ಬದಲು ಅರಬ್ಬಿ. ಖಾತೆ, ಪಹಣಿ ಎರಡೂ ಮರಾಠಿಯ ಕಡೆಯಿಂದ ಬಂದವು. ಕನ್ನಡದ್ದೆಂದು ಉಳಿದದ್ದು ‘ಆಗಿ’, ‘ಕೈಗೆ ಬಂತು’ ಮಾತ್ರ. ಟಿಪ್ಪುವಿನ ಕಾಲದ ಫಾರಸಿ, ದಿವಾನ್ ಪೂರ್ಣಯ್ಯನವರ ಕಾಲದ ಮರಾಠಿ ಲೆಕ್ಕಪತ್ರ, ಆಮೇಲಿನ ಕಮಿಷನರುಗಳ ಇಂಗ್ಲಿಷ್ ಎಲ್ಲವೂ ಒಂದೇ ವಾಕ್ಯದಲ್ಲಿ ಪದರ ಪದರವಾಗಿ ಕೂತಿವೆ. ಅಡಿಕೆ, ಕೊಬ್ಬರಿ ವ್ಯಾಪಾರದಲ್ಲೂ ಹಾಗೆಯೇ: ದಲ್ಲಾಳಿ, ಹರಾಜು, ರಶೀದಿ, ವಸೂಲಿ. ನೆರೆಹೊರೆಯಲ್ಲಿ ವ್ಯಾಕರಣ ಬೆರೆಯುತ್ತದೆ. ಅಧಿಕಾರ ಬಂದಲ್ಲಿ ಶಬ್ದ ಬೆರೆಯುತ್ತದೆ. ಇದು ಎಲ್ಲ ಕಡೆಗೂ ಸಲ್ಲುವ ಸೂತ್ರವೆಂದು ಹೇಳಲಾಗದು, ಈ ಸೀಮೆಗೆ ಮಾತ್ರ ಚೆನ್ನಾಗಿ ಒಪ್ಪುತ್ತದೆ. ಕನ್ನಡ ಮಾತಿನ ನಡುವೆ ಇಂಗ್ಲಿಷ್ ಬೆರೆಸುವ ಇಂದಿನ ರೂಢಿಯನ್ನು ಕುರಿತು ಎಸ್.ಎನ್. ಶ್ರೀಧರ್ 1978ರಲ್ಲಿ ಬರೆದ ಲೇಖನವೂ ಅಂತರರಾಷ್ಟ್ರೀಯ ವಿದ್ವಾಂಸರ ಗಮನ ಸೆಳೆಯಿತು. ಕೇಶಿರಾಜ ಇದ್ದಿದ್ದರೆ ಅದಕ್ಕೊಂದು ಸೂತ್ರ, ಜೊತೆಗೆ ನಾಲ್ಕು ಅಪವಾದಗಳನ್ನು ಬರೆಯುತ್ತಿದ್ದನೇನೋ.

ಉರ್ದು ಮನೆಮಾತಿನ ಹುಡುಗ ಕನ್ನಡದಲ್ಲಿ ಎಷ್ಟು ದೂರ ಹೋಗಬಲ್ಲ ಎಂಬ ಪ್ರಶ್ನೆಗೆ ತರೀಕೆರೆ ತಾಲ್ಲೂಕೇ ಉತ್ತರ ಕೊಟ್ಟಿದೆ. ಅಲ್ಲಿನ ಸಮತಳ ಎಂಬ ಹಳ್ಳಿಯಲ್ಲಿ 1959ರಲ್ಲಿ ಹುಟ್ಟಿದ ರಹಮತ್ ತರೀಕೆರೆ ಕನ್ನಡದ ಪ್ರಮುಖ ವಿಮರ್ಶಕರಲ್ಲೊಬ್ಬರಾದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ‘ಕತ್ತಿಯಂಚಿನ ದಾರಿ’ ಕೃತಿಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕರ್ನಾಟಕದ ಸೂಫಿಗಳು, ನಾಥಪಂಥದವರು, ಶಾಕ್ತರ ಬಗ್ಗೆ ಅವರು ಮಾಡಿದ ಕೆಲಸ ಬಹುಶಃ ಒಂದೇ ಭಾಷೆಯ ಮನೆಯಲ್ಲಿ ಬೆಳೆದವನಿಗೆ ಹೊಳೆಯುವಂಥದ್ದಲ್ಲ.

ಇನ್ನು ತಾಂಡಾಗಳ ವಿಚಾರ. ಹಿಂದೆ ಎತ್ತುಗಳ ಮೇಲೆ ದವಸ ಹೇರಿಕೊಂಡು ದಂಡುಗಳ ಹಿಂದೆ ಸಾಗುತ್ತಿದ್ದ ಲಂಬಾಣಿಗಳು ದಕ್ಷಿಣದಲ್ಲಿ ನೆಲೆನಿಂತು ಶತಮಾನಗಳೇ ಆದವು. ತಮ್ಮ ತಮ್ಮೊಳಗೆ ‘ಗೋರ್ ಬೋಲಿ’ ಎಂದು ಕರೆದುಕೊಳ್ಳುವ ಅವರ ಮಾತು ರಾಜಸ್ಥಾನಿಗೆ ಹತ್ತಿರದ ಆರ್ಯಭಾಷೆ. ಸುತ್ತ ನಾಲ್ಕೂ ಕಡೆ ದ್ರಾವಿಡ ಭಾಷೆಗಳಿದ್ದರೂ ಅದು ಅಳಿಯಲಿಲ್ಲ. ಭಾಷಾವಿಜ್ಞಾನಿ ಪ್ರಬೋಧ ಪಂಡಿತ್ 1970ರ ದಶಕದಲ್ಲಿ ಹೇಳಿದ್ದು ಇದನ್ನೇ: ವಲಸೆ ಹೋದವರು ಎರಡು ಮೂರು ತಲೆಮಾರಿನಲ್ಲಿ ತಮ್ಮ ಭಾಷೆ ಬಿಡುವುದು ಅಮೆರಿಕದಲ್ಲಿ ಸಹಜ, ಭಾರತದಲ್ಲಿ ಸಹಜವಾದದ್ದು ಉಳಿಸಿಕೊಳ್ಳುವುದು. ಮೈಸೂರಿನಲ್ಲಿ 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನದ ಮೊದಲ ನಿರ್ದೇಶಕ ಡಿ.ಪಿ. ಪಟ್ಟನಾಯಕರೂ ಇದೇ ಜಾಡಿನವರು. ಬಹುಭಾಷೆಯ ನಾಡಿನಲ್ಲಿ ಹಲವು ಭಾಷೆ ಇರುವುದು ಹೊರೆಯಲ್ಲ, ಆಯ್ಕೆಯನ್ನು ಒಂದಕ್ಕೆ ಇಳಿಸುವುದೇ ಹೊರೆ ಎಂದು ಅವರು ಪಶ್ಚಿಮದ ವಿದ್ವಾಂಸರಿಗೆ ಮತ್ತೆ ಮತ್ತೆ ಹೇಳಿದರು.

ಆದರೆ ಜನಗಣತಿಯ ಕಣ್ಣಿಗೆ ತಾಂಡಾ ಬೇರೆಯೇ ಕಾಣುತ್ತದೆ. 2011ರ ಜನಗಣತಿಯಲ್ಲಿ ದೇಶದಾದ್ಯಂತ 32 ಲಕ್ಷಕ್ಕೂ ಹೆಚ್ಚು ಮಂದಿ ಲಮಾಣಿ ಅಥವಾ ಲಂಬಾಡಿ ತಮ್ಮ ತಾಯಿನುಡಿ ಎಂದು ಬರೆಸಿದರು. ಅದನ್ನು ಸರ್ಕಾರ ಸೇರಿಸಿದ್ದು ‘ಹಿಂದಿ’ ಎಂಬ ಶೀರ್ಷಿಕೆಯಡಿ. ಹಾಗಾಗಿ ತರೀಕೆರೆಯ ತಾಂಡಾದ ಅಜ್ಜಿ, ಹಿಂದಿಯ ಒಂದು ವಾಕ್ಯ ಆಡದಿದ್ದರೂ, ಲೆಕ್ಕದಲ್ಲಿ ಹಿಂದಿ ಭಾಷಿಕಳು. ಅದೇ ಗಣತಿಯ ಪ್ರಕಾರ ದೇಶದ ಜನರಲ್ಲಿ ಎರಡು ಭಾಷೆ ಬಲ್ಲವರು ಶೇಕಡ 26, ಮೂರು ಬಲ್ಲವರು ಶೇಕಡ 7. ಸಂತೆಯ ದಿನ ಈ ಊರುಗಳಲ್ಲಿ ಅರ್ಧ ಗಂಟೆ ನಿಂತು ಕಿವಿಗೊಟ್ಟವರಿಗೆ ಆ ಅಂಕಿ ಬಹಳ ಸಣ್ಣದಾಗಿ ತೋರುತ್ತದೆ. ಕಾರಣ ಸರಳ: ಓದು ಬರಹ ಬಾರದ ಭಾಷೆಯನ್ನು ‘ಬಲ್ಲೆ’ ಎಂದು ಹೇಳಿಕೊಳ್ಳಲು ಜನ ಹಿಂಜರಿಯುತ್ತಾರೆ.

ಎರಡು ಭಾಷೆ ಮಗುವಿನ ಬುದ್ಧಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಈ ವಿದ್ವತ್ ಲೋಕದ ದೀರ್ಘ ಜಗಳ. 1923ರಲ್ಲಿ ಡಿ.ಜೆ. ಸೇರ್ ಎಂಬಾತ ವೇಲ್ಸ್ ದೇಶದ ಸುಮಾರು 1,400 ಮಕ್ಕಳನ್ನು ಪರೀಕ್ಷಿಸಿ, ಹಳ್ಳಿಯ ದ್ವಿಭಾಷಿಕ ಮಕ್ಕಳು ಹಿಂದುಳಿದಿದ್ದಾರೆ ಎಂದು ಬರೆದ. 1928ರಲ್ಲಿ ಲಕ್ಸೆಂಬರ್ಗ್‌ನಲ್ಲಿ ದ್ವಿಭಾಷಿಕತೆ ಮತ್ತು ಶಿಕ್ಷಣವನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಸೇರಿದಾಗ ಹವೆಯಲ್ಲಿ ಇದ್ದದ್ದು ಇದೇ ಆತಂಕ. ಬಡತನವನ್ನೂ ಭಾಷೆಯನ್ನೂ ಬೇರ್ಪಡಿಸದೆ ಅಳೆದದ್ದೇ ಆ ಅಧ್ಯಯನಗಳ ದೋಷ ಎಂದು ಆಮೇಲೆ ಗೊತ್ತಾಯಿತು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್, ಮನೆಯ ಸ್ಥಿತಿಗತಿಯನ್ನು ಸರಿದೂಗಿಸಿ ಪರೀಕ್ಷಿಸಿದಾಗ ಎರಡು ಭಾಷೆಯ ಮಕ್ಕಳೇ ಮುಂದಿದ್ದರು.

ಅಲ್ಲಿಂದಾಚೆಗೆ ಗಾಳಿ ಇನ್ನೊಂದು ದಿಕ್ಕಿಗೆ ಬೀಸಿತು. ಎರಡು ಭಾಷೆ ಮಿದುಳಿಗೆ ಕಸರತ್ತು, ಟಾನಿಕ್ಕು ಎಂಬಂಥ ಮಾತುಗಳು ಪತ್ರಿಕೆಗಳಲ್ಲಿ ಬರತೊಡಗಿದವು. ಇಲ್ಲಿಯೂ ಎಚ್ಚರ ಬೇಕು. 2015ರಲ್ಲಿ ಏಂಜೆಲಾ ಡಿ ಬ್ರೂಯಿನ್ ಮತ್ತು ಸಂಗಡಿಗರು ಸಮ್ಮೇಳನಗಳಲ್ಲಿ ಮಂಡನೆಯಾದ ಪ್ರಬಂಧಗಳ ಬೆನ್ನು ಹತ್ತಿ ನೋಡಿದರು. ದ್ವಿಭಾಷಿಕತೆಯಿಂದ ಲಾಭವಿದೆ ಎಂದ ಪ್ರಬಂಧಗಳು ಮುಂದೆ ಹೆಚ್ಚಾಗಿ ಅಚ್ಚಾಗಿದ್ದವು. ಲಾಭ ಕಾಣಲಿಲ್ಲ ಎಂದವು ಹೆಚ್ಚಾಗಿ ಕಪಾಟಿನಲ್ಲೇ ಉಳಿದಿದ್ದವು. ಹಾಗೆಂದು ಎಲ್ಲವೂ ಪೊಳ್ಳಲ್ಲ. ಹೈದರಾಬಾದಿನ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಸುವರ್ಣ ಅಲ್ಲಾಡಿ ಮತ್ತು ಸಹೋದ್ಯೋಗಿಗಳು 648 ಮರೆವಿನ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರವೇ ಬಾರದವರಲ್ಲೂ ಈ ವ್ಯತ್ಯಾಸ ಇತ್ತು ಎಂಬುದು ಅದರ ಮುಖ್ಯ ಅಂಶ. ಲಾಭ ಶಾಲೆಯದಲ್ಲ, ಓದಿನದಲ್ಲ, ಬಾಯಿಮಾತಿನದ್ದೇ ಇರಬಹುದು ಎಂಬ ಸೂಚನೆ ಅದರಲ್ಲಿದೆ. ಪಶ್ಚಿಮದ ದ್ವಿಭಾಷಿಕರು ಹೆಚ್ಚಾಗಿ ವಲಸಿಗರು. ಅವರಲ್ಲಿ ವಲಸೆಯ ಪ್ರಭಾವ ಯಾವುದು, ಭಾಷೆಯದು ಯಾವುದು ಎಂದು ಬಿಡಿಸುವುದು ಕಷ್ಟ. ಹುಟ್ಟಿದ ಊರಲ್ಲೇ ಇದ್ದು ಮೂರು ಭಾಷೆ ಆಡುವವರು ಬೇಕಿದ್ದರೆ ವಿದ್ವಾಂಸರು ಬರಬೇಕಾದದ್ದು ಇಂಥ ಸೀಮೆಗಳಿಗೆ.

ಇದೆಲ್ಲ ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. 1994ರಲ್ಲಿ ಕರ್ನಾಟಕ ಸರ್ಕಾರ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ಕಲಿಸಬೇಕೆಂದು ಆದೇಶ ಹೊರಡಿಸಿತು. ಎರಡು ದಶಕಗಳ ವ್ಯಾಜ್ಯದ ನಂತರ, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಒಪ್ಪಲಿಲ್ಲ. ಮಾತೃಭಾಷೆಯನ್ನು ಸರ್ಕಾರ ಹೇರುವಂತಿಲ್ಲ, ಯಾವುದು ಮಾತೃಭಾಷೆ ಎಂದು ಹೇಳುವ ಹಕ್ಕು ತಂದೆತಾಯಿಗಳದ್ದು ಎಂದಿತು. ಕನ್ನಡವೋ ಇಂಗ್ಲಿಷೋ ಎಂದು ನಾಡೆಲ್ಲ ವಾದಿಸಿದ ಆ ಇಪ್ಪತ್ತು ವರ್ಷಗಳಲ್ಲಿ ತಾಂಡಾದ ಮಗುವಿನ ಮಾತು ಬಂದದ್ದು ಬಹಳ ಕಡಿಮೆ. ಅದಕ್ಕೆ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು, ಪಠ್ಯದ ಹಿಂದಿ ನಾಲ್ಕನೆಯದು. ಮನೆಮಾತಿಗೆ ಅಲ್ಲಿ ಪಾಠವೇ ಇಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಸೌಲಭ್ಯ ಒದಗಿಸಬೇಕು ಎನ್ನುವ 350-ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ. ಮೊದಲನೆಯ ತರಗತಿಯ ಮೇಷ್ಟ್ರು ಹತ್ತು ಲಂಬಾಣಿ ಮಾತು ಕಲಿತು ಮಗುವನ್ನು ಮಾತಾಡಿಸಿದರೆ ಸಾಕು, ಮಗು ಕನ್ನಡಕ್ಕೆ ಬೇಗ ಬರುತ್ತದೆ. ಅದಕ್ಕೆ ಸಮ್ಮೇಳನವೂ ಬೇಡ, ಸರ್ಕಾರಿ ಆದೇಶವೂ ಬೇಡ.

2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ 2027ಕ್ಕೆ ನಿಗದಿಯಾಗಿದೆ. ಈವರೆಗಿನ ಪದ್ಧತಿಯಂತೆ ಗಣತಿಯ ನಮೂನೆಯಲ್ಲಿ ತಾಯಿನುಡಿಗೆ ಒಂದು ಕಲಮು, ಬಲ್ಲ ಇತರ ಭಾಷೆಗಳಿಗೆ ಎರಡು ಜಾಗ. ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ, ಕೂಲಿಗೆ ಹೋದಲ್ಲಿ ತೆಲುಗು, ಬಳೆ ಅಂಗಡಿಯಲ್ಲಿ ದಖ್ಖನಿ ಆಡುವ ಹೆಂಗಸು ಎದುರಿಗೆ ಕೂತರೆ, ಗಣತಿದಾರನಿಗೆ ನಾಲ್ಕನೆಯದನ್ನು ಬರೆಯಲು ಸ್ಥಳವಿಲ್ಲ. ಮೊದಲನೆಯದನ್ನು ಬರೆದರೆ, ಅದು ದಿಲ್ಲಿ ತಲುಪುವ ಹೊತ್ತಿಗೆ ಹಿಂದಿ ಆಗಿರುತ್ತದೆ.